ಮನೆಯಲ್ಲೇ ಟೆಸ್ಟ್ ಮಾಡಿಕೊಳ್ಳುವವರು ಮೊದಲು ದಿನ ಎಣಿಸಿ

ಮಾನ್ಯ ಸಂಪಾದಕರೇ,

ದಕ್ಷಿಣ ಕೊಡಗಿನ ಒಂದು ಪೇಟೆಯಲ್ಲಿ 19 ವರ್ಷದಿಂದ ಸಣ್ಣದೊಂದು ಲ್ಯಾಬ್ ನಡೆಸುತ್ತಿದ್ದೇನೆ. ಶುಗರ್, ಥೈರಾಯ್ಡ್, ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ, ದಿನವಿಡೀ ಇವೇ. ಈ ಪತ್ರ ಬರೆಯುತ್ತಿರುವುದು ಬೇರೆ ವಿಷಯಕ್ಕೆ. ಗುಪ್ತರೋಗ ಅಂತ ನಾವು ಪಿಸುಗುಟ್ಟುವ ಲೈಂಗಿಕ ಸೋಂಕುಗಳ ಟೆಸ್ಟ್ ಕಿಟ್ ಈಗ ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಮನೆಗೇ ಬರುತ್ತದೆ. ಬರಲಿ, ಅದಕ್ಕೆ ನನ್ನ ತಕರಾರಿಲ್ಲ. ಆಸ್ಪತ್ರೆಯ ಕ್ಯೂನಲ್ಲಿ ಪಕ್ಕದ ತೋಟದವರ ಹಿಂದೆ ನಿಂತು ಇದನ್ನು ಕೇಳಲು ನಮ್ಮ ಊರಿನಲ್ಲಿ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೆ ಆ ಟೆಸ್ಟನ್ನು ಯಾವತ್ತು ಮಾಡಬೇಕು ಅನ್ನುವುದು ನನ್ನ ಬಳಿ ಬಂದು ಕೇಳಿದವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ.

ಕಳೆದ ಜುಲೈನ ಒಂದು ಶುಕ್ರವಾರ. ಸಂಜೆ ಏಳೂವರೆ ಇರಬೇಕು. ಜೋರು ಮಳೆ, ಕರೆಂಟ್ ಇಲ್ಲ, ಯುಪಿಎಸ್ ಬೆಳಕಿನಲ್ಲಿ ರಿಜಿಸ್ಟರ್ ಬರೆದು ಮುಗಿಸುತ್ತಿದ್ದೆ. ಶಟರ್ ಅರ್ಧ ಇಳಿಸಿದ್ದೆ. ಒಬ್ಬ ಹುಡುಗ ಬಗ್ಗಿ ಒಳಗೆ ಬಂದ. ರೇನ್‌ಕೋಟಿನ ನೀರು ನೆಲಕ್ಕೆಲ್ಲ ಸುರಿಯುತ್ತಿತ್ತು, ಅದರ ಕಡೆ ಅವನಿಗೆ ಗಮನವೇ ಇರಲಿಲ್ಲ. ಒಳಜೇಬಿನಿಂದ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿದ ಒಂದು ಬಿಳಿ ಕಾರ್ಡ್ ತೆಗೆದು ನನ್ನ ಟೇಬಲ್ ಮೇಲಿಟ್ಟ. "ಅಕ್ಕ, ಇದರಲ್ಲಿ ಒಂದು ಗೆರೆ ಇದೆಯಾ ಎರಡಾ, ನೀವೇ ನೋಡಿ ಹೇಳಿ" ಅಂದ. ಕೈ ನಡುಗುತ್ತಿತ್ತು.

ಅದು ಎಚ್‌ಐವಿ ಕಾರ್ಡ್. ಸಿ ಅನ್ನುವ ಕಡೆ, ಅಂದರೆ ಕಾರ್ಡ್ ಸರಿಯಾಗಿ ಕೆಲಸ ಮಾಡಿದೆ ಅಂತ ತೋರಿಸುವ ಕಡೆ, ಗೆರೆ ಸ್ಪಷ್ಟವಾಗಿತ್ತು. ಸೋಂಕು ಇದ್ದರೆ ಗೆರೆ ಬರುವ ಟಿ ಅನ್ನುವ ಕಡೆ ನೆರಳಿನ ಹಾಗೆ ಏನೋ ಇತ್ತು. ಯಾವಾಗ ಮಾಡಿದ್ದು ಅಂತ ಕೇಳಿದೆ. ನಿನ್ನೆ ರಾತ್ರಿ. ಆಗ ಒಂದೇ ಗೆರೆ ಇತ್ತಂತೆ, ಸಮಾಧಾನವಾಗಿ ಕಸದ ಬುಟ್ಟಿಗೆ ಹಾಕಿ ಮಲಗಿದ್ದಾನೆ. ಬೆಳಿಗ್ಗೆ ಮನಸ್ಸು ತಡೆಯದೆ ಮತ್ತೆ ಎತ್ತಿ ನೋಡಿದಾಗ ಈ ನೆರಳು ಕಂಡಿದೆ. ಸರಿ, ಸಂಪರ್ಕ ಆದದ್ದು ಯಾವತ್ತು? "ಹೋದ ಭಾನುವಾರ ರಾತ್ರಿ ಅಕ್ಕ. ಸೋಮವಾರ ಬೆಳಿಗ್ಗೆಯೇ ಕಿಟ್ ಆರ್ಡರ್ ಮಾಡಿದೆ. ಮಳೆಗೆ ಕೊರಿಯರ್ ಲೇಟಾಯಿತು, ಗುರುವಾರ ಬಂತು."

ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ಗೆರೆಯ ವಿಷಯಕ್ಕಲ್ಲ. ಆ ಕಾರ್ಡ್ ಏನನ್ನೂ ಹೇಳುತ್ತಿರಲಿಲ್ಲ. ನಾಲ್ಕನೇ ದಿನಕ್ಕೆ ಮಾಡಿದ ಕಾರ್ಡ್ ಟೆಸ್ಟಿನಲ್ಲಿ ಒಂದೇ ಗೆರೆ ಬಂದರೆ ಅದಕ್ಕೆ ಅರ್ಥವಿಲ್ಲ. ರಾತ್ರಿಯಿಡೀ ಬಿಟ್ಟ ಕಾರ್ಡಿನಲ್ಲಿ ಒಣಗಿದ ಮೇಲೆ ಮೂಡುವ ನೆರಳಿಗೂ ಅರ್ಥವಿಲ್ಲ. ಸಾಮಾನ್ಯವಾಗಿ 15ರಿಂದ 20 ನಿಮಿಷ, ಆಯಾ ಕಿಟ್‌ನಲ್ಲಿ ಎಷ್ಟು ಬರೆದಿದೆಯೋ ಅಷ್ಟರೊಳಗೆ ಓದಬೇಕು, ಆಮೇಲೆ ಅದನ್ನು ನೋಡಲೇಬಾರದು. ನನಗೆ ಸಂಕಟ ಆದದ್ದು ಆ ಸೋಮವಾರ, ಮಂಗಳವಾರ, ಬುಧವಾರಕ್ಕೆ. ಎಚ್‌ಐವಿ ತಗುಲಿರಬಹುದು ಅನ್ನುವ ಸಂದರ್ಭದಲ್ಲಿ 72 ಗಂಟೆಯೊಳಗೆ ಶುರು ಮಾಡಬೇಕಾದ ಮಾತ್ರೆ ಇದೆ. ಅದಕ್ಕೆ ಪೆಪ್ ಅಂತಾರೆ. 28 ದಿನ ತಪ್ಪದೆ ತೆಗೆದುಕೊಂಡರೆ ಸೋಂಕು ಬೇರೂರದಂತೆ ತಡೆಯುವ ಸಾಧ್ಯತೆ ಬಹಳ ಜಾಸ್ತಿ. ಮೂರು ದಿನ ಸಮಯ ಇದೆ ಅಂತ ಕೂರುವ ಹಾಗೂ ಇಲ್ಲ, ಎಷ್ಟು ಗಂಟೆ ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. 72 ಗಂಟೆ ದಾಟಿದ ಮೇಲೆ ಕೊಟ್ಟು ಪ್ರಯೋಜನ ಇಲ್ಲ. ಆ ಹುಡುಗನ ಆ ಮೂರೂ ದಿನ ಒಂದು ಪಾರ್ಸೆಲ್ ಕಾಯುವುದರಲ್ಲೇ ಹೋಗಿತ್ತು. ಜಿಲ್ಲಾ ಆಸ್ಪತ್ರೆ ಅವನಿಗೆ ಬಸ್ಸಿನ ದೂರದಲ್ಲಿತ್ತು.

ಹಾಗಾಗಿ ಮೊದಲ ಮಾತು ಇದು. ಮೊದಲ ಮೂರು ದಿನ ಕಿಟ್‌ಗೆ ಕೆಲಸವಿಲ್ಲ, ಆಸ್ಪತ್ರೆಗೆ ಕೆಲಸ. ಕಾಂಡೋಮ್ ಹರಿದಿರಲಿ, ಹಾಕದೇ ಇದ್ದಿರಲಿ, ಯಾರಾದರೂ ಬಲವಂತ ಮಾಡಿರಲಿ, ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಅದೇ ದಿನ ಹೋಗಿ. ರಾತ್ರಿಯಾದರೆ ಎಮರ್ಜೆನ್ಸಿಗೆ ಹೋಗಿ "ಪೆಪ್ ಬೇಕಾಗಬಹುದು, ಡಾಕ್ಟರ್ ನೋಡಬೇಕು" ಅಂತ ಹೇಳಿದರೆ ಸಾಕು. ಎಲ್ಲಿಗೆ ಹೋಗುವುದು ಅಂತಲೂ ತೋಚದಿದ್ದರೆ 1097ಕ್ಕೆ ಫೋನ್ ಮಾಡಿ. ಏಡ್ಸ್ ಸಹಾಯವಾಣಿ, ಟೋಲ್ ಫ್ರೀ, ನಿಮ್ಮ ಗುರುತು ಹೇಳಬೇಕಾಗಿಲ್ಲ. ಹೆಂಗಸರು ಬೇಡದ ಬಸಿರು ತಡೆಯುವ ಮಾತ್ರೆಯನ್ನೂ ಅದೇ ಹೊತ್ತಿಗೆ ಕೇಳಿ ಪಡೆಯಬಹುದು.

ಇನ್ನು ಟೆಸ್ಟಿನ ವಿಷಯ. ಸೋಂಕು ಒಳಗೆ ಹೊಕ್ಕ ದಿನಕ್ಕೂ ಟೆಸ್ಟಿನಲ್ಲಿ ಅದು ಕಾಣುವ ದಿನಕ್ಕೂ ನಡುವೆ ಒಂದು ಅಂತರ ಇರುತ್ತದೆ. ವಿಂಡೋ ಪೀರಿಯಡ್ ಅಂತಾರೆ. ಸರ್ಕಾರದ ಕರಪತ್ರದಲ್ಲಿ ಗವಾಕ್ಷಿ ಅವಧಿ ಅಂತ ಹಾಕುತ್ತಾರೆ. ಆ ಪದ ಕೇಳಿ ಅರ್ಥ ಮಾಡಿಕೊಂಡವರನ್ನು ನಾನು ಕೌಂಟರ್‌ನಲ್ಲಿ ಒಬ್ಬರನ್ನೂ ನೋಡಿಲ್ಲ. ನಾನು ಕಾಯುವ ದಿನ ಅಂತ ಹೇಳುತ್ತೇನೆ, ಎಲ್ಲರಿಗೂ ತಿಳಿಯುತ್ತದೆ. ಎಚ್‌ಐವಿ, ಸಿಫಿಲಿಸ್ ಕಾರ್ಡ್‌ಗಳು ಹುಡುಕುವುದು ಮುಖ್ಯವಾಗಿ ರೋಗಾಣುವಿನ ವಿರುದ್ಧ ನಮ್ಮ ಮೈ ತಯಾರಿಸುವ ಪ್ರತಿಕಾಯವನ್ನು. ಮೈ ಅದನ್ನು ತಯಾರಿಸಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ. ಅಷ್ಟರೊಳಗೆ ಟೆಸ್ಟ್ ಮಾಡಿದರೆ ಸೋಂಕು ಇದ್ದರೂ ನೆಗೆಟಿವ್ ಅಂತಲೇ ತೋರಿಸುತ್ತದೆ. ಮತ್ತೆ ಆ ದಿನಗಳಲ್ಲೇ ಇನ್ನೊಬ್ಬರಿಗೆ ಹರಡುವುದೂ ಸುಲಭ.

ನಮ್ಮ ಕಡೆ ತೋಟದ ಮನೆಗಳಲ್ಲಿ ಬೆಳಿಗ್ಗೆ ಎದ್ದು ಮಳೆ ಅಳೆದು ಇಷ್ಟು ಇಂಚು, ಇಷ್ಟು ಸೆಂಟ್ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ. ನಮ್ಮ ಮಾವ ಹತ್ತು ವರ್ಷದ ಹಿಂದಿನ ಹೂಮಳೆ ಯಾವತ್ತು ಬಂತು ಅಂತ ಕೇಳಿದರೂ ಹಳೇ ಕ್ಯಾಲೆಂಡರ್ ತೆಗೆದು ತೋರಿಸುತ್ತಿದ್ದರು. ನಾನು ಬಂದವರಿಗೆ ಹೇಳುವುದು ಇಷ್ಟೇ. ಅದೇ ಕ್ಯಾಲೆಂಡರಿನಲ್ಲಿ ಸಂಪರ್ಕ ಆದ ದಿನ ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟುಕೊಳ್ಳಿ, ಯಾರಿಗೂ ಏನೂ ಗೊತ್ತಾಗುವುದಿಲ್ಲ, ಅಲ್ಲಿಂದ ಎಣಿಸಿ.

ಚುಕ್ಕೆಯಿಂದ 14 ದಿನ ಆದ ಮೇಲೆ ಕ್ಲಮಿಡಿಯಾ, ಗೊನೋರಿಯಾ ಟೆಸ್ಟ್ ಮಾಡಬಹುದು. ಇದು ಮೂತ್ರ ಅಥವಾ ಸ್ವಾಬ್ (ಹತ್ತಿಕಡ್ಡಿಯಿಂದ ಒರೆಸಿದ ಸ್ಯಾಂಪಲ್) ತೆಗೆದು ಲ್ಯಾಬಿಗೆ ಕಳಿಸುವ ಟೆಸ್ಟ್, ಮನೆಯಲ್ಲಿ ಗೆರೆ ನೋಡುವಂಥದ್ದಲ್ಲ. ಎಚ್‌ಐವಿಗೆ, ಲ್ಯಾಬಿನಲ್ಲಿ ತೋಳಿನಿಂದ ರಕ್ತ ತೆಗೆದು ಮಾಡುವ ಹೊಸ ತರಹದ ಟೆಸ್ಟ್ ಆದರೆ 45 ದಿನಕ್ಕೆ ಉತ್ತರ ನಂಬಬಹುದು. ಬೆರಳು ಚುಚ್ಚಿ ಮನೆಯಲ್ಲಿ ಮಾಡುವ ಕಾರ್ಡ್ ಆದರೆ 90 ದಿನ. ಇಲ್ಲಿಯೇ ಎಲ್ಲರೂ ಎಡವುವುದು. ಗೂಗಲ್ ಮಾಡಿ 45 ದಿನ ಅಂತ ಓದಿರುತ್ತಾರೆ, ಅದು ಲ್ಯಾಬ್ ಟೆಸ್ಟಿನ ಲೆಕ್ಕ ಅಂತ ಗೊತ್ತಿರುವುದಿಲ್ಲ, ಅದೇ ಲೆಕ್ಕದಲ್ಲಿ ಮನೆಯಲ್ಲಿ ಬೆರಳು ಚುಚ್ಚಿಕೊಂಡು ನೆಗೆಟಿವ್ ಅಂತ ನಿರಾಳವಾಗಿಬಿಡುತ್ತಾರೆ. ಸಿಫಿಲಿಸ್ ಹೆಚ್ಚಿನವರಲ್ಲಿ 6 ವಾರಕ್ಕೆ ರಕ್ತದಲ್ಲಿ ಸಿಗುತ್ತದೆ, ಪೂರ್ತಿ ಖಾತ್ರಿಗೆ 90 ದಿನವೇ ಬೇಕು. ಪೆಪ್ ತೆಗೆದುಕೊಂಡವರ ಲೆಕ್ಕ ಬೇರೆ. ಅವರಿಗೆ ಡಾಕ್ಟರ್ ಕೊಟ್ಟ ತಾರೀಖೇ ಲೆಕ್ಕ.

ಮುಂಚೆಯೇ ಮಾಡಿಬಿಟ್ಟಿದ್ದರೆ ಏನೂ ಮುಳುಗಿಲ್ಲ. ಆ ನೆಗೆಟಿವ್ ಅನ್ನು ಲೆಕ್ಕಕ್ಕೆ ಹಿಡಿಯದೆ ಸರಿಯಾದ ದಿನಕ್ಕೆ ಮತ್ತೆ ಮಾಡಿಸಿ. ಅಲ್ಲಿಯವರೆಗೆ ಕಾಂಡೋಮ್ ಬಿಡಬೇಡಿ, ರಕ್ತದಾನ ಮಾಡಬೇಡಿ. ಟೆಸ್ಟ್ ಫ್ರೀಯಾಗಿ ಆಗುತ್ತದೆ ಅಂತ ರಕ್ತದಾನ ಶಿಬಿರಕ್ಕೆ ಹೋಗುವ ಹುಡುಗರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಾಯುವ ದಿನಗಳಲ್ಲಿ ಕೊಟ್ಟ ರಕ್ತ ಟೆಸ್ಟಿನಿಂದ ತಪ್ಪಿಸಿಕೊಂಡು ಇನ್ಯಾರದೋ ಮೈಗೆ ಹೋಗಬಹುದು.

ಇನ್ನೊಂದು ಘಟನೆ ಹೇಳಲೇಬೇಕು. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ಮದುವೆಯಾಗಿ ವರ್ಷ ತುಂಬದ ಒಬ್ಬಳು ಹುಡುಗಿ, ಬಸುರಿ, ತಾಯಿ ಕಾರ್ಡ್ ಕೈಯಲ್ಲಿ ಹಿಡಿದು ಬಂದಿದ್ದಳು. ಮೊದಲ ತಪಾಸಣೆಯಲ್ಲಿ ಸಿಫಿಲಿಸ್ ಪಾಸಿಟಿವ್ ಬಂದು, ಖಾತ್ರಿ ಮಾಡಲು ಇನ್ನೊಂದು ಟೆಸ್ಟ್ ಬರೆದುಕೊಟ್ಟಿದ್ದರು. ಗಂಡನೂ ಜೊತೆಗಿದ್ದ. ಅವನು ಜಗಳಕ್ಕೇ ನಿಂತ. "ಮೇಡಂ, ಮದುವೆಗೆ ಮುಂಚೆ ನಾನು ಟೆಸ್ಟ್ ಮಾಡಿಕೊಂಡಿದ್ದೇನೆ, ನೋಡಿ" ಅಂತ ಫೋನ್ ತೆಗೆದು ಕಾರ್ಡಿನ ಫೋಟೋ ತೋರಿಸಿದ. ಹೌದು, ಒಂದೇ ಗೆರೆ. ಫೋಟೋದ ಮೇಲೆ ತಾರೀಖು ಇತ್ತು. ಹುಡುಗಿಯನ್ನು ಹೊರಗೆ ಕೂರಿಸಿ ಅವನೊಬ್ಬನನ್ನೇ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದ. ಸಂಪರ್ಕ ಆಗಿ ಎಂಟನೇ ದಿನಕ್ಕೆ ಮಾಡಿಕೊಂಡಿದ್ದ. ಆಮೇಲೆ ಒಂದು ಸಣ್ಣ ಹುಣ್ಣು ಆಗಿತ್ತು, ನೋವಿರಲಿಲ್ಲ, ತಾನಾಗಿಯೇ ಹೋಯಿತು. ಟೆಸ್ಟ್ ನೆಗೆಟಿವ್ ಇದೆಯಲ್ಲ ಅಂತ ಅದರ ಬಗ್ಗೆ ಯೋಚಿಸಲೇ ಇಲ್ಲ.

ಅವನು ಸುಳ್ಳು ಹೇಳಿರಲಿಲ್ಲ, ಹೆಂಡತಿಗೆ ಮೋಸ ಮಾಡುವ ಉದ್ದೇಶವೂ ಇರಲಿಲ್ಲ. ಟೆಸ್ಟ್ ಮಾಡಿಕೊಂಡೇ ಮದುವೆಯಾಗಿದ್ದ. ಆದರೆ ಸಿಫಿಲಿಸ್ ಹುಣ್ಣು ಕಾಣಿಸಲೇ ಸುಮಾರು ಮೂರು ವಾರ ಬೇಕು, ಅದಕ್ಕೆ ನೋವಿರುವುದಿಲ್ಲ, ಔಷಧಿ ಇಲ್ಲದೆಯೂ ಮಾಯುತ್ತದೆ, ರೋಗ ಮಾತ್ರ ಒಳಗೇ ಉಳಿಯುತ್ತದೆ. ಬಸುರಿಯಿಂದ ಮಗುವಿಗೆ ಹೋದರೆ ಮಗು ಹೊಟ್ಟೆಯಲ್ಲೇ ಸಾಯಬಹುದು. ಇಬ್ಬರಿಗೂ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟರು. ಬೇಗ ಗೊತ್ತಾದದ್ದರಿಂದ ಮಗು ಚೆನ್ನಾಗಿ ಹುಟ್ಟಿತು. ಆ ಮಗುವನ್ನು ಎತ್ತಿಕೊಂಡು ಅವಳು ಲ್ಯಾಬಿಗೆ ಬಂದಿದ್ದಳು. ಬಸುರಿಯರಿಗೆಲ್ಲ ಎಚ್‌ಐವಿ, ಸಿಫಿಲಿಸ್ ಟೆಸ್ಟ್ ಮಾಡಿಸುವುದು ಯಾಕೆ ಅಂತ ಕೇಳಿ ಸಿಟ್ಟಾಗುವ ಅತ್ತೆಯಂದಿರಿಗೆ ನಾನು ಇದನ್ನೇ ಹೇಳುತ್ತೇನೆ.

ಮೈಯಲ್ಲಿ ಏನೂ ಕಾಣುತ್ತಿಲ್ಲವಲ್ಲ, ಯಾಕೆ ಟೆಸ್ಟ್ ಅಂತ ಕೇಳುವವರು ಇದ್ದಾರೆ. ಕಾಂಡಕೊರಕ ಹುಳ ಹೊಕ್ಕ ಅರೇಬಿಕಾ ಕಾಫಿ ಗಿಡ ಶುರುವಿನಲ್ಲಿ ಹೇಗಿರುತ್ತದೆ ನೋಡಿದ್ದೀರಲ್ಲ. ಎಲೆ ಹಸಿರಾಗಿಯೇ ಇರುತ್ತದೆ, ಎಲೆ ಹಳದಿಯಾಗುವ ಹೊತ್ತಿಗೆ ಒಳಗೆಲ್ಲ ತಿಂದಾಗಿರುತ್ತದೆ. ಕ್ಲಮಿಡಿಯಾ ಹೆಂಗಸರಲ್ಲಿ ಹೆಚ್ಚಾಗಿ ಹಾಗೆಯೇ. ಏನೂ ತೊಂದರೆ ಕೊಡದೆ ಗರ್ಭನಾಳ ಹಾಳು ಮಾಡಿ, ವರ್ಷಗಳ ನಂತರ ಮಕ್ಕಳಾಗುತ್ತಿಲ್ಲ ಅಂತ ಮೈಸೂರಿಗೆ ಅಲೆಯುವಾಗ ಗೊತ್ತಾಗುತ್ತದೆ. ಆ ಅಲೆದಾಟದಲ್ಲಿ ಮಾತು ಕೇಳುವುದು ಯಾವಾಗಲೂ ಹೆಂಗಸೇ. ಅದಕ್ಕೇ ಹೊಸ ಸಂಬಂಧ ಶುರುವಾದಾಗ, ಮದುವೆ ನಿಶ್ಚಯ ಆದಾಗ, ಇಬ್ಬರೂ ಟೆಸ್ಟ್ ಮಾಡಿಕೊಂಡರೆ ಒಳ್ಳೆಯದು. ಒಬ್ಬರಿಗಿಂತ ಹೆಚ್ಚು ಜನರ ಜೊತೆ ಸಂಪರ್ಕ ಇರುವವರು 3ರಿಂದ 6 ತಿಂಗಳಿಗೊಮ್ಮೆ ಮಾಡಿಸಿಕೊಳ್ಳಲಿ. ನಾನು ಯಾರ ನಡತೆಯನ್ನೂ ಅಳೆಯುತ್ತಿಲ್ಲ. ನನ್ನ ಕೆಲಸ ರಕ್ತ ನೋಡುವುದು.

ಆದರೆ ತೊಂದರೆ ಕಾಣಿಸಿಕೊಂಡಿದ್ದರೆ 14, 45, 90 ಯಾವುದನ್ನೂ ಎಣಿಸಬೇಡಿ. ಉರಿಮೂತ್ರ, ಕೀವು, ಹುಣ್ಣು, ಗುಳ್ಳೆ, ಕಿಬ್ಬೊಟ್ಟೆ ನೋವು, ವೃಷಣದ ಬಾವು, ಸಂಭೋಗದ ನಂತರ ರಕ್ತ, ಇವುಗಳಲ್ಲಿ ಯಾವುದೇ ಇದ್ದರೂ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಗುಳ್ಳೆ, ಹುಣ್ಣನ್ನು ಡಾಕ್ಟರ್ ಕಣ್ಣಿನಿಂದ ನೋಡಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆಂದೇ ಸುರಕ್ಷಾ ಕ್ಲಿನಿಕ್ ಅಂತ ಇರುತ್ತದೆ, ಔಷಧಿ ಅಲ್ಲೇ ಫ್ರೀಯಾಗಿ ಕೊಡುತ್ತಾರೆ.

ಮಾತ್ರೆ ನುಂಗಿ ಆಮೇಲೆ ಟೆಸ್ಟ್ ಮಾಡುವ ಅಭ್ಯಾಸ ಇನ್ನೊಂದು ದೊಡ್ಡ ತಲೆನೋವು. ಮೆಡಿಕಲ್ ಶಾಪಿನಲ್ಲಿ ಗೆಳೆಯನ ಹೆಸರು ಹೇಳಿ ಆ್ಯಂಟಿಬಯೋಟಿಕ್ ತಗೊಂಡು, ಎರಡು ದಿನ ನುಂಗಿ, ಉರಿ ಕಡಿಮೆಯಾದ ಮೇಲೆ ಕಿಟ್ ತರಿಸುತ್ತಾರೆ. ಅರ್ಧ ಔಷಧಿಗೆ ಸೋಂಕು ಅಡಗಿ ಕೂತು ಟೆಸ್ಟಿಗೆ ಸಿಗದೇ ಹೋಗಬಹುದು. ಗೊನೋರಿಯಾವಂತೂ ಹಳೇ ಮಾತ್ರೆಗಳಿಗೆ ಬಗ್ಗುವುದನ್ನು ಬಿಟ್ಟು ವರ್ಷಗಳಾದವು. ಮೊದಲು ಸ್ಯಾಂಪಲ್ ಕೊಡಿ, ಆಮೇಲೆ ಡಾಕ್ಟರ್ ಹೇಳಿದ ಔಷಧಿ ಪೂರ್ತಿ ಮಾಡಿ, ಜೊತೆಗಾರರಿಗೂ ಚಿಕಿತ್ಸೆ ಆಗಲಿ. ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಮತ್ತೆ ಬರುತ್ತಲೇ ಇರುತ್ತದೆ. ಕ್ಲಮಿಡಿಯಾ ವಾಸಿಯಾಯಿತಾ ಅಂತ ನೋಡುವ ಆತುರದಲ್ಲಿ ಮರುವಾರವೇ ಟೆಸ್ಟ್ ಮಾಡಬೇಡಿ. ಸತ್ತ ರೋಗಾಣುವಿನ ಚೂರು ಕೆಲವು ವಾರ ಉಳಿದು ಸುಮ್ನೆ ಪಾಸಿಟಿವ್ ತೋರಿಸುತ್ತದೆ. 3 ತಿಂಗಳಿಗೆ ಮಾಡಿಸಿ, ಮತ್ತೆ ತಗುಲಿದ್ದರೆ ಅದೂ ಗೊತ್ತಾಗುತ್ತದೆ.

ಸ್ಯಾಂಪಲ್ ತೆಗೆಯುವಾಗ ಮೂತ್ರ ಕೊಡುವ ಮುಂಚೆ ಒಂದೆರಡು ಗಂಟೆ ಮೂತ್ರಕ್ಕೆ ಹೋಗಬೇಡಿ, ಮೊದಲು ಬರುವ ಮೂತ್ರವನ್ನೇ ಹಿಡಿಯಿರಿ. ಬೇರೆ ಟೆಸ್ಟಿಗೆ ಹೇಳುವ ಹಾಗೆ ನಡುವಿನದ್ದಲ್ಲ. ಹೆಂಗಸರಿಗೆ ಮೂತ್ರಕ್ಕಿಂತ ಯೋನಿಯ ಸ್ವಾಬ್ ಒಳ್ಳೆಯದು, ಅವರೇ ತೆಗೆದುಕೊಳ್ಳಬಹುದು. ಗಂಟಲಿನಲ್ಲಿ, ಗುದದಲ್ಲಿ ಇರುವ ಸೋಂಕು ಮೂತ್ರದಲ್ಲಿ ಸಿಗುವುದಿಲ್ಲ, ಸಂಪರ್ಕ ಯಾವ ಭಾಗದಲ್ಲಿ ಆಗಿದೆಯೋ ಅಲ್ಲಿಂದಲೇ ಸ್ವಾಬ್ ಬೇಕು. ಇದನ್ನು ಹೇಳಲು ನಾಚಿಕೆಪಟ್ಟರೆ ಟೆಸ್ಟ್ ಮಾಡಿಸಿದ್ದೂ ದಂಡ. ಮಳೆಗಾಲದ ಥಂಡಿಗೆ ಕಾರ್ಡಿನ ಪೊಟ್ಟಣ ಮುಂಚೆಯೇ ಒಡೆದಿಡಬೇಡಿ, ಎಲ್ಲ ಸಿದ್ಧ ಮಾಡಿಕೊಂಡು ಕೊನೆಗೆ ಒಡೆಯಿರಿ. ಒಲೆಯ ಮೇಲಿನ ಅಟ್ಟದಲ್ಲೂ ಇಡಬೇಡಿ, ಬಿಸಿಗೂ ಅದು ಹಾಳಾಗುತ್ತದೆ. ಡಬ್ಬದ ಮೇಲೆ ಎಕ್ಸ್‌ಪೈರಿ ನೋಡಿ. ಲ್ಯಾಬ್‌ನವರು ಮಾತ್ರ ಬಳಸಬೇಕು ಅಂತ ಬರೆದಿರುವ ಕಾರ್ಡ್‌ಗಳೂ ಆನ್‌ಲೈನ್‌ನಲ್ಲಿ ಸಿಗುತ್ತವೆ, ಅವನ್ನು ತರಿಸಬೇಡಿ. ಸಿ ಗೆರೆಯೇ ಬಾರದಿದ್ದರೆ ಆ ಕಾರ್ಡ್ ಲೆಕ್ಕಕ್ಕಿಲ್ಲ.

ಮತ್ತೆ, ಪಾಸಿಟಿವ್ ಗೆರೆ ಬಂದರೆ ಅಲ್ಲಿಗೇ ತೀರ್ಮಾನ ಮಾಡಿಕೊಳ್ಳಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಐಸಿಟಿಸಿ ಅನ್ನುವ ಸಲಹೆ ಮತ್ತು ಟೆಸ್ಟ್ ಕೇಂದ್ರದಲ್ಲಿ ಎಚ್‌ಐವಿ ಟೆಸ್ಟ್ ಫ್ರೀ. ಮೂರು ಬೇರೆ ಬೇರೆ ಟೆಸ್ಟ್ ಮಾಡಿ ಮೂರರಲ್ಲೂ ಬಂದರೆ ಮಾತ್ರ ಪಾಸಿಟಿವ್ ಅಂತ ಹೇಳುತ್ತಾರೆ. ಎಚ್‌ಐವಿ ಕಾಯ್ದೆ 2017ರದ್ದು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವ ಹಾಗಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವ ಹಾಗಿಲ್ಲ, ಎಚ್‌ಐವಿ ಇದೆ ಅಂತ ಕೆಲಸದಿಂದ ತೆಗೆಯುವ ಹಾಗಿಲ್ಲ. ಪಾಸಿಟಿವ್ ಬಂದವರಿಗೆ ವೈರಸ್ ಹೆಚ್ಚದಂತೆ ತಡೆಯುವ ಎಆರ್‌ಟಿ ಮಾತ್ರೆ ಉಚಿತ. ದಿನವೂ ತಪ್ಪದೆ ತೆಗೆದುಕೊಂಡು ವೈರಸ್ ಟೆಸ್ಟಿಗೇ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ, ಸಂಭೋಗದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ನನ್ನ ಲ್ಯಾಬಿಗೆ ಬರುವವರಲ್ಲಿ ಹಾಗೆ ಹತ್ತು ಹನ್ನೆರಡು ವರ್ಷದಿಂದ ಆರಾಮಾಗಿ ತೋಟ ನೋಡಿಕೊಂಡು, ಮಕ್ಕಳನ್ನು ಓದಿಸಿಕೊಂಡು ಇರುವವರಿದ್ದಾರೆ.

ಆ ಜುಲೈನ ಹುಡುಗನನ್ನು ಮರುದಿನವೇ ಐಸಿಟಿಸಿಗೆ ಕಳಿಸಿದೆ. ಅಲ್ಲಿಯ ಕೌನ್ಸೆಲರ್ ಕೂರಿಸಿಕೊಂಡು ಮಾತಾಡಿ ಅವನಿಗೆ ಎರಡು ತಾರೀಖು ಬರೆದುಕೊಟ್ಟರು. ಅಕ್ಟೋಬರ್‌ನಲ್ಲಿ, ತಲಕಾವೇರಿ ತೀರ್ಥೋದ್ಭವ ಆದ ಮರುವಾರ, ಹಗಲು ಹೊತ್ತಿನಲ್ಲೇ ಬಂದ. "ಅಕ್ಕ, 90 ದಿನದ್ದೂ ನೆಗೆಟಿವ್" ಅಂದ. ಅವನ ಹೆಪಟೈಟಿಸ್ ಬಿ ಲಸಿಕೆಯೂ ಶುರುವಾಗಿತ್ತು. ಆದರೆ ಆ ಮೂರು ತಿಂಗಳು ಅವನು ಅನುಭವಿಸಿದ್ದು ನನಗೆ ಗೊತ್ತು. ಎಷ್ಟೋ ಸಲ ರಾತ್ರಿ ಮೆಸೇಜ್ ಮಾಡುತ್ತಿದ್ದ. ಅವನ ಕಿಟ್ ಒಳಗಿದ್ದ ಹಾಳೆ ನಾನೂ ಓದಿದೆ. ಪೂರ್ತಿ ಇಂಗ್ಲಿಷ್, ಇರುವೆಯಂಥ ಅಕ್ಷರ. ಕಾಯುವ ದಿನದ ಮಾತು ಕೊನೆಯ ಮಡಿಕೆಯಲ್ಲಿತ್ತು, ಅದೂ ಡಬ್ಬ ಒಡೆದ ಮೇಲೆ ಕಾಣುವಂಥದ್ದು.

ನನ್ನ ಬೇಡಿಕೆ ದೊಡ್ಡದಲ್ಲ. ಕಿಟ್ ಮಾರುವವರು ಡಬ್ಬದ ಹೊರಗೆ ಕನ್ನಡದಲ್ಲಿ ದಿನದ ಲೆಕ್ಕ ಹಾಕಲಿ. ಆರ್ಡರ್ ಮಾಡುವ ಹೊತ್ತಿಗೇ "ಸಂಪರ್ಕ ಆಗಿ 72 ಗಂಟೆ ಆಗಿಲ್ಲವೇ? ಮೊದಲು ಆಸ್ಪತ್ರೆಗೆ ಹೋಗಿ" ಅಂತ ಒಂದು ಸಾಲು ಬರಲಿ. ಆರೋಗ್ಯ ಇಲಾಖೆಯವರು ಬಸ್ ಸ್ಟ್ಯಾಂಡಿನಲ್ಲಿ, ಕಾಲೇಜುಗಳಲ್ಲಿ, ಹೋಂಸ್ಟೇಗಳಲ್ಲಿ, ತೋಟದ ಲೈನ್ ಮನೆಗಳ ಹತ್ತಿರ ಇದನ್ನು ಬರೆದು ಹಚ್ಚಲಿ. ಕೊಯ್ಲಿಗೆ ಹೊರಗಿನಿಂದ ಬರುವ ಕೆಲಸಗಾರರಿಗಾಗಿ ಹಿಂದಿಯಲ್ಲೂ ಇರಲಿ. ಡಿಸೆಂಬರ್ ಬಂದರೆ ನಮ್ಮ ಗೊಬ್ಬರದ ಅಂಗಡಿಗಳು, ಸಹಕಾರ ಸಂಘಗಳು ಮನೆಮನೆಗೂ ಕ್ಯಾಲೆಂಡರ್ ಕೊಡುತ್ತವಲ್ಲ, ಅದರ ಹಿಂದಿನ ಪುಟದಲ್ಲಿ ಮೂರು ಸಾಲು ಜಾಗ ಕೊಟ್ಟರೂ ಸಾಕು. 72 ಗಂಟೆಯೊಳಗೆ ಆಸ್ಪತ್ರೆ. 14, 45, 90 ದಿನ ಯಾವ ಟೆಸ್ಟಿಗೆ. ಫೋನ್ 1097. ನನ್ನ ಲ್ಯಾಬಿನ ಕ್ಯಾಲೆಂಡರಿನಲ್ಲಿ ಈ ವರ್ಷ ಹಾಕಿಸುತ್ತಿದ್ದೇನೆ, ಪ್ರೆಸ್‌ನವರಿಗೆ ಹೇಳಿ ಆಗಿದೆ.

ನನ್ನ ಹೆಸರನ್ನು ದಯವಿಟ್ಟು ಹಾಕಬೇಡಿ. ಊರು ಚಿಕ್ಕದು. ನಾನು ಯಾರು ಅಂತ ಗೊತ್ತಾದರೆ ನನ್ನ ಲ್ಯಾಬಿನ ಮೆಟ್ಟಿಲು ಹತ್ತುವವರನ್ನು ಜನ ಬೇರೆ ಕಣ್ಣಿನಿಂದ ನೋಡಲು ಶುರು ಮಾಡುತ್ತಾರೆ, ಬರುವವರು ಬರುವುದನ್ನೇ ಬಿಡುತ್ತಾರೆ.

ಒಬ್ಬ ಲ್ಯಾಬ್ ಟೆಕ್ನಿಷಿಯನ್, ದಕ್ಷಿಣ ಕೊಡಗು